ಅರಬ್ಬಿ ಮಾತಾಡುವವರಿಗೆ ಇಂಗ್ಲಿಷಿನ ಬಹುವಚನ ಕಲಿಸುವುದು ಹೇಗೆ: ರಾಶಿ ಹೆಸರು, ಬಿಡಿ ಹೆಸರು ಮತ್ತು ಒಂದು ಎಸ್

"ಟೀಚರ್, ಐ ಹ್ಯಾವ್ ಟ್ವೆಂಟಿ ಕ್ವೆಶ್ಚನ್ ಅಂಡ್ ತ್ರೀ ಇನ್ಫರ್ಮೇಶನ್ಸ್."

ಮಸ್ಕತ್ತಿನ ಸಂಜೆ ಕ್ಲಾಸಿನಲ್ಲಿ ಮೊದಲ ವಾರವೇ ನನ್ನ ಕಿವಿಗೆ ಬಿದ್ದ ಮಾತು ಇದು. ಎಸ್ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ಎರಡನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಮುಂದಿನ ವಾರ ಅದೇ ತಪ್ಪು, ಬೇರೆ ಹುಡುಗನ ಬಾಯಲ್ಲಿ. ಹೀಗೇ ಆರು ತಿಂಗಳು ಹೋಯಿತು. ಒಂದು ದಿನ ಪಕ್ಕದ ಕೋಣೆಯಲ್ಲಿ ಅರಬ್ಬಿ ಕಲಿಸುತ್ತಿದ್ದ ಮೇಷ್ಟ್ರು ಚಹಾ ಕುಡಿಯುತ್ತಾ ಹೇಳಿದರು: "ಅವರದ್ದು ಅಜಾಗರೂಕತೆ ಅಲ್ಲ. ಅರಬ್ಬಿ ವ್ಯಾಕರಣವನ್ನೇ ಇಂಗ್ಲಿಷ್ ಪದ ಹಾಕಿ ಹೇಳ್ತಿದ್ದಾರೆ ಅಷ್ಟೇ."

ಆಮೇಲೆ ನಾನು ಕಲಿಸುವ ರೀತಿಯೇ ಬದಲಾಯಿತು. ಗಲ್ಫಿನಲ್ಲಿ ಪಾಠ ಹೇಳುವ ಕನ್ನಡಿಗರಿಗೆ, ಮೈಸೂರು ಬೆಂಗಳೂರಿಗೆ ಓದಲು ಬರುವ ಯೆಮೆನ್, ಇರಾಕ್, ಸುಡಾನ್ ಹುಡುಗರಿಗೆ ಟ್ಯೂಷನ್ ಕೊಡುವವರಿಗೆ, ಆನ್‌ಲೈನಿನಲ್ಲಿ ಕಲಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆದಿದ್ದೇನೆ. ನಿಮಗೆ ಅರಬ್ಬಿ ಬರಬೇಕಾಗಿಲ್ಲ. ಇಲ್ಲಿರುವ ಪದಗಳು ಗೊತ್ತಿದ್ದರೆ ಸಾಕು.

ಹೆಜ್ಜೆ 1: ಮೊದಲು ಅವರ ಎಣಿಕೆ ನೀವು ಕಲಿಯಿರಿ

ಕನ್ನಡಕ್ಕೆ ಎರಡು ವಚನ, ಇಂಗ್ಲಿಷಿಗೂ ಎರಡು. ಅರಬ್ಬಿಗೆ ಮೂರು. ಕಿತಾಬ್ ಅಂದರೆ ಒಂದು ಪುಸ್ತಕ. ಕಿತಾಬೈನ್ ಅಂದರೆ ಎರಡು ಪುಸ್ತಕ. ಇಲ್ಲಿ 'ಎರಡು' ಅಂತ ಬೇರೆ ಪದವೇ ಬೇಡ, ಕೊನೆಯ ಐನ್ ಆ ಕೆಲಸ ಮಾಡುತ್ತದೆ. ಆಡುಮಾತಿನಲ್ಲಿ ಅದು ಬಹಳ ಕಡೆ ಕಿತಾಬೇನ್ ಆಗುತ್ತದೆ. ಮೂರರಿಂದ ಮೇಲೆ ಕುತುಬ್, ಪುಸ್ತಕಗಳು.

ನಿಜವಾದ ತಿರುವು ಇದರ ನಂತರ ಇದೆ. ಮೂರರಿಂದ ಹತ್ತರವರೆಗೆ ಮಾತ್ರ ಎಣಿಸುವ ವಸ್ತು ಬಹುವಚನದಲ್ಲಿರುತ್ತದೆ. ಥಲಾಥತ್ ಕುತುಬ್, ಮೂರು ಪುಸ್ತಕಗಳು. ಅಶರತ್ ಕುತುಬ್, ಹತ್ತು ಪುಸ್ತಕಗಳು. ಹನ್ನೊಂದಕ್ಕೆ ಬಂದ ಕೂಡಲೇ ವಸ್ತು ಏಕವಚನಕ್ಕೆ ವಾಪಸ್ ಹೋಗುತ್ತದೆ. ಇಶ್ರೀನ್ ಕಿತಾಬ್, ಇಪ್ಪತ್ತು ಪುಸ್ತಕ. ತೊಂಬತ್ತೊಂಬತ್ತರವರೆಗೂ ಹೀಗೇ. ನೂರು, ಸಾವಿರಕ್ಕೂ ಏಕವಚನವೇ.

ಈಗ 'ಟ್ವೆಂಟಿ ಕ್ವೆಶ್ಚನ್' ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ? ನಾವು ನಗುವ ಹಾಗಿಲ್ಲ. 'ಅಂಗಡಿಯಿಂದ ಹತ್ತು ಮೊಟ್ಟೆ ತಗೊಂಡು ಬಾ' ಅಂತೀವಿ. 'ಹತ್ತು ಮೊಟ್ಟೆಗಳನ್ನು' ಅನ್ನುವುದು ಪಠ್ಯಪುಸ್ತಕದಲ್ಲಿ ಮಾತ್ರ. ಸಂಖ್ಯೆ ಹೇಳಿದ ಮೇಲೆ ಬಹುವಚನ ಮತ್ತೆ ಯಾಕೆ ಅನ್ನುವ ಬುದ್ಧಿ ಕನ್ನಡಕ್ಕೂ ಇದೆ. ನಮಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ: ಅವರಿಗೆ ಅದು ಹನ್ನೊಂದರಲ್ಲಿ ಶುರುವಾಗುತ್ತದೆ.

ಹೆಜ್ಜೆ 2: ಹನ್ನೊಂದರ ಗೋಡೆ ಒಡೆಯಿರಿ

ಟೇಬಲ್ ಮೇಲೆ ಮೂವತ್ತು ಖರ್ಜೂರದ ಬೀಜ ಇಡಿ. ಪೆನ್ಸಿಲ್, ನಾಣ್ಯ, ಏನಾದರೂ ಆಗುತ್ತದೆ. ಒಬ್ಬೊಬ್ಬರಾಗಿ ಎಣಿಸಲಿ. ಬರೀ ಸಂಖ್ಯೆ ಸಾಲದು, ವಸ್ತುವಿನ ಹೆಸರೂ ಸೇರಬೇಕು: ಒನ್ ಸೀಡ್, ಟೂ ಸೀಡ್ಸ್, ತ್ರೀ ಸೀಡ್ಸ್. ಹತ್ತರವರೆಗೆ ಸಲೀಸಾಗಿ ಬರುತ್ತದೆ. 'ಇಲೆವೆನ್' ಅಂದ ಕೂಡಲೇ ಎಸ್ ಜಾರಿಬಿಡುವುದನ್ನು ನೀವೇ ನೋಡುತ್ತೀರಿ. ಅಲ್ಲೇ ನಿಲ್ಲಿಸಿ. ಬೋರ್ಡಿನ ಮೇಲೆ ಹತ್ತು ಮತ್ತು ಹನ್ನೊಂದರ ನಡುವೆ ಒಂದು ಗೆರೆ ಎಳೆಯಿರಿ. "ಅರಬ್ಬಿಯಲ್ಲಿ ಗೋಡೆ ಇಲ್ಲಿದೆ. ಇಂಗ್ಲಿಷಿನಲ್ಲಿ ಎಲ್ಲಿದೆ?" ಅಂತ ಕೇಳಿ. ಯಾರಾದರೂ ಒಬ್ಬರು ಎದ್ದು ಬಂದು ಗೆರೆ ಒರೆಸಿ, ಒಂದು ಮತ್ತು ಎರಡರ ನಡುವೆ ಎಳೆಯುತ್ತಾರೆ. ಆ ಗೆರೆ ಅವರೇ ಎಳೆಯಬೇಕು. ನೀವು ಎಳೆದರೆ ಅದು ಇನ್ನೊಂದು ನಿಯಮ ಆಗುತ್ತದೆ, ಮರೆತು ಹೋಗುತ್ತದೆ.

ಇದೇ ಪಾಠದಲ್ಲಿ 'ಹೌ ಮೆನಿ' ಕೂಡ ಮುಗಿಸಿ. ಅರಬ್ಬಿಯ ಕಮ್ ಅಂದರೆ 'ಎಷ್ಟು'. ಅದರ ಮುಂದೆ ಏಕವಚನ ಬರುತ್ತದೆ: ಕಮ್ ಕಿತಾಬ್? ಹಾಗಾಗಿ 'ಹೌ ಮೆನಿ ಬುಕ್' ಅನ್ನುವುದು ಅವರಿಗೆ ಸಹಜ. ನಮ್ಮ 'ಎಷ್ಟು ಪುಸ್ತಕ' ಕೂಡ ಅದೇ ಅಚ್ಚಿನದು.

ಅವರಿಗೆ ಸಹಾಯ ಮಾಡುವ ಒಂದು ಅರಬ್ಬಿ ಪದವೂ ಇದೆ, ಕುಲ್ಲ್. ಕುಲ್ಲ್ ಯೌಮ್ ಅಂದರೆ ಪ್ರತಿ ದಿನ, ಏಕವಚನ. ಕುಲ್ಲ್ ಅಲ್ ಅಯ್ಯಾಮ್ ಅಂದರೆ ಎಲ್ಲ ದಿನಗಳು, ಬಹುವಚನ. ಇಂಗ್ಲಿಷಿನ 'ಎವ್ರಿ ಡೇ', 'ಆಲ್ ದ ಡೇಸ್' ಸರಿಯಾಗಿ ಇದರ ಜೋಡಿ. 'ಎವ್ರಿ ಸ್ಟೂಡೆಂಟ್ಸ್' ಅಂತ ಯಾರಾದರೂ ಅಂದರೆ 'ಕುಲ್ಲ್ ಯೌಮ್' ಅಂತ ನೆನಪಿಸಿ ಸುಮ್ನೆ ನಿಲ್ಲಿ. ಅವರೇ ತಿದ್ದಿಕೊಳ್ಳುತ್ತಾರೆ.

ಇಲ್ಲಿ ಕನ್ನಡದ ಮೇಷ್ಟ್ರಿಗೂ ಒಂದು ಎಚ್ಚರಿಕೆ. 'ಒನ್ ಆಫ್ ಮೈ ಫ್ರೆಂಡ್' ಅನ್ನುವುದು ನಮ್ಮ ಕಾಯಿಲೆ. ಅರಬ್ಬಿಯಲ್ಲಿ ಆ ಜಾಗಕ್ಕೆ ಬಹುವಚನವೇ ಬರುತ್ತದೆ, ಅವರು 'ಫ್ರೆಂಡ್ಸ್' ಅಂತ ಸರಿಯಾಗಿ ಹೇಳುವ ಸಾಧ್ಯತೆ ಜಾಸ್ತಿ. ನಾವು ತಿದ್ದಲು ಹೋಗಿ ಕೆಡಿಸಬಾರದು.

ಹೆಜ್ಜೆ 3: ಎಸ್ ಹಚ್ಚುವುದು, ಒಳಗೆ ಮುರಿಯುವುದು

ಅರಬ್ಬಿಯಲ್ಲಿ ಬಹುವಚನ ಮಾಡಲು ಎರಡು ದಾರಿ. ಮೊದಲನೆಯದು ಬಾಲ ಹಚ್ಚುವುದು. ಮುಹಂದಿಸ್ ಅಂದರೆ ಎಂಜಿನಿಯರ್, ಮುಹಂದಿಸೀನ್ ಅಂದರೆ ಎಂಜಿನಿಯರುಗಳು. ಸಯ್ಯಾರ ಕಾರು, ಸಯ್ಯಾರಾತ್ ಕಾರುಗಳು. ಎರಡನೆಯದು ಪದವನ್ನು ಒಳಗಿನಿಂದ ಮುರಿದು ಸ್ವರ ಬದಲಿಸುವುದು. ಕಿತಾಬ್ ಕುತುಬ್ ಆಯಿತಲ್ಲ, ಅದು. ಬೈತ್ ಮನೆ, ಬುಯೂತ್ ಮನೆಗಳು. ಕಲಮ್ ಪೆನ್ನು, ಅಕ್ಲಾಮ್ ಪೆನ್ನುಗಳು. ಹೊರಗಿನಿಂದ ಬಂದ ಪದವನ್ನೂ ಬಿಡುವುದಿಲ್ಲ. ಬ್ಯಾಂಕ್ ಬುನೂಕ್ ಆಗುತ್ತದೆ, ಫಿಲ್ಮ್ ಅಫ್ಲಾಮ್ ಆಗುತ್ತದೆ. ಈ ದಾರಿಗೆ ಅವರ ವ್ಯಾಕರಣದಲ್ಲಿ ಜಮ್ಅ ತಕ್ಸೀರ್ ಅಂತ ಹೆಸರು, ಅಂದರೆ ಮುರಿದ ಬಹುವಚನ. ಅದು ಗೊತ್ತಿಲ್ಲದ ಅರಬ್ಬಿ ಮಗು ಇಲ್ಲ.

ಈಗ 'ಮ್ಯಾನ್, ಮೆನ್' ಬರೆಯಿರಿ. 'ಫುಟ್, ಫೀಟ್' ಬರೆಯಿರಿ. "ಇದು ಏನು?" ಅಂತ ಕೇಳಿ. ಯಾರೋ ಒಬ್ಬರು ಹಿಂದಿನ ಬೆಂಚಿನಿಂದ "ತಕ್ಸೀರ್!" ಅಂತ ಕೂಗುತ್ತಾರೆ. ನನಗೆ ಈ ಕ್ಷಣ ಬಲು ಇಷ್ಟ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ಪಟ್ಟಿ ಅವರಿಗೆ ಮನೆಯ ವಿಷಯ. ಇಂಗ್ಲಿಷಿನಲ್ಲಿ ಹೀಗೆ ಒಳಗೆ ಮುರಿಯುವ ಪದಗಳು ಏಳೇ ಏಳು ಅಂತ ಹೇಳಿ: ಮ್ಯಾನ್, ವುಮನ್, ಫುಟ್, ಟೂತ್, ಗೂಸ್, ಮೌಸ್, ಲೌಸ್. ಸಾವಿರಾರು ಕಲಿತವರಿಗೆ ಏಳು ಯಾವ ಲೆಕ್ಕ? ಒಂದಕ್ಕೆ ಮಾತ್ರ ಉಚ್ಚಾರಣೆ ಬಿಡಿಸಿ ಹೇಳಬೇಕು. ವುಮನ್ ಬಹುವಚನಕ್ಕೆ ಹೋದಾಗ ಬರಹದಲ್ಲಿ ಬದಲಾಗುವುದು ಎರಡನೇ ಸ್ವರ, ಕಿವಿಗೆ ಎದ್ದು ಕೇಳುವುದು ಮೊದಲನೆಯದು. ಅದು 'ವಿಮಿನ್' ಆಗುತ್ತದೆ.

ಚೈಲ್ಡ್ ಮತ್ತು ಆಕ್ಸ್ ಬೇರೆ ಗುಂಪು. ಚಿಲ್ಡ್ರನ್ ಇತಿಹಾಸದಲ್ಲಿ ಎರಡು ಸಲ ಬಹುವಚನ ಆದ ಪದ. ನಮ್ಮವರು ಸಾಲದು ಅಂತ ಮೂರನೇ ಸಲ 'ಚಿಲ್ಡ್ರನ್ಸ್' ಮಾಡುತ್ತಾರೆ, ಅದು ಬೇರೆ ಕಥೆ. ಶೀಪ್, ಡೀರ್, ಸೀರೀಸ್ ಬದಲಾಗುವುದೇ ಇಲ್ಲ.

ಕಾಗುಣಿತದ ನಿಯಮಗಳು ಯಾವ ಪುಸ್ತಕದಲ್ಲೂ ಸಿಗುತ್ತವೆ, ಬೇಗ ಮುಗಿಸಿ. ಬಾಕ್ಸ್, ಡಿಶ್, ವಾಚ್ ತರಹದವುಗಳಿಗೆ ಇ-ಎಸ್. ವ್ಯಂಜನ ಆದ ಮೇಲೆ ಕೊನೆಗೆ ವೈ ಬಂದರೆ ವೈ ಹೋಗಿ ಐ-ಇ-ಎಸ್. ನೈಫ್, ಲೀಫ್, ವೈಫ್ ಮುಂತಾದವುಗಳಲ್ಲಿ ಎಫ್ ಹೋಗಿ ವಿ. ಆದರೆ ರೂಫ್, ಚೀಫ್ ಹಾಗೇ ಇರುತ್ತವೆ. ಪೊಟೇಟೊ, ಟೊಮೇಟೊಗೆ ಇ-ಎಸ್, ಫೋಟೊ, ಪಿಯಾನೊಗೆ ಬರೀ ಎಸ್. ಒಂದು ಕ್ಲಾಸು ಸಾಕು.

ಹೆಜ್ಜೆ 4: ಎಸ್ ಕಿವಿಗೆ ಬೀಳಲಿ

ಎಸ್ ಬರೆಯುತ್ತಾರೆ, ಹೇಳುವುದಿಲ್ಲ. ಅಥವಾ ಹೇಳುತ್ತಾರೆ, ನಡುವೆ ಒಂದು ಇ ಸೇರಿಸುತ್ತಾರೆ. ಡೆಸ್ಕ್ಸ್ ಅನ್ನುವುದು 'ಡೆಸ್ಕಿಸ್' ಆಗುತ್ತದೆ. ಮೂರು ವ್ಯಂಜನ ಒಟ್ಟಿಗೆ ಬಂದರೆ ಅರಬ್ಬಿ ನಾಲಿಗೆ ನಡುವೆ ಸ್ವರ ಹುಡುಕುತ್ತದೆ. ಕನ್ನಡದ ನಾಲಿಗೆ ಕೊನೆಯಲ್ಲಿ ಉ ಹುಡುಕುವ ಹಾಗೆ. ನಾವು ಡೆಸ್ಕು, ಬೆಂಚು ಅನ್ನುವವರು ತಾನೇ?

ಇದಕ್ಕೆ ಒಳ್ಳೆ ಮದ್ದು ಅಂದರೆ ಮುಂದಿನ ಪದಕ್ಕೆ ಅಂಟಿಸುವುದು. ಬರೀ 'ಟೆಸ್ಟ್ಸ್' ಹೇಳಿಸಬೇಡಿ. 'ಟೆಸ್ಟ್ಸ್ ಆರ್ ಈಜ಼ಿ' ಹೇಳಿಸಿ. ಆಗ ಎಸ್ ಮುಂದಿನ ಸ್ವರದ ಮೇಲೆ ಕೂರುತ್ತದೆ, 'ಸಾರ್' ಅನ್ನುವ ಹಾಗೆ ಕೇಳುತ್ತದೆ. ಕ್ಲೋದ್ಸ್ ಪದಕ್ಕೆ ಒದ್ದಾಡುತ್ತಿದ್ದರೆ ಸಮಾಧಾನ ಹೇಳಿ. ಇಂಗ್ಲಿಷರೇ ಎಷ್ಟೋ ಜನ ಅದನ್ನು ಬಾಗಿಲು ಮುಚ್ಚುವ 'ಕ್ಲೋಜ಼್' ಹಾಗೇ ಹೇಳುತ್ತಾರೆ.

ಕ್ಯಾಟ್ಸ್ ಅನ್ನುವಾಗ ಸ್, ಡಾಗ್ಸ್ ಅನ್ನುವಾಗ ಜ಼್, ಬಾಕ್ಸಸ್ ಅನ್ನುವಾಗ ಇಜ಼್. ಗಂಟಲ ಮೇಲೆ ಎರಡು ಬೆರಳಿಟ್ಟು ಪದದ ಕೊನೆಯ ಧ್ವನಿ ಹೇಳಿಸಿ. ಗಂಟಲು ನಡುಗಿದರೆ ಜ಼್, ಇಲ್ಲದಿದ್ದರೆ ಸ್. ಸ, ಶ, ಚ, ಜ ಧ್ವನಿಗಳ ನಂತರ ಇಜ಼್. ಅರಬ್ಬಿಯಲ್ಲಿ ಜ಼ ಧ್ವನಿ ಇದೆ, ಅವರಿಗೆ ಸುಲಭ. ತೊಂದರೆ ಇರುವುದು ನಮಗೇ. ನನ್ನ 'ಡಾಗ್ಸ್' ಉಚ್ಚಾರಣೆಯನ್ನು ಒಬ್ಬ ವಿದ್ಯಾರ್ಥಿ ತಿದ್ದಿದ್ದಾನೆ. ತಿದ್ದಿಸಿಕೊಂಡೆ.

ಹೆಜ್ಜೆ 5: 'ದಿಸ್ ಬುಕ್ಸ್ ಈಸ್ ನ್ಯೂ'

ಇದು ಮೊಂಡು ತಪ್ಪು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಅರಬ್ಬಿಯಲ್ಲಿ ಮನುಷ್ಯರಲ್ಲದ ವಸ್ತುಗಳು ಬಹುವಚನಕ್ಕೆ ಹೋದರೆ ವ್ಯಾಕರಣ ಅವನ್ನು ಒಬ್ಬ ಹೆಂಗಸಿನ ಹಾಗೆ ನೋಡುತ್ತದೆ. ಪುಸ್ತಕಗಳು 'ಅವಳು'. ಕಾರುಗಳು 'ಅವಳು'. ಅಲ್ ಕುತುಬ್ ಜದೀದ ಅಂದರೆ ಪುಸ್ತಕಗಳು ಹೊಸವು, ಆದರೆ ಜದೀದ ಅನ್ನುವುದು ಸ್ತ್ರೀಲಿಂಗದ ಏಕವಚನ. 'ಈ' ಅನ್ನುವ ಪದವೂ ಸ್ತ್ರೀಲಿಂಗ ಏಕವಚನದ್ದೇ. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ದಿಸ್ ಬುಕ್ಸ್, ಈಸ್. ಮನುಷ್ಯರಾದರೆ ಈ ತಪ್ಪು ಕಡಿಮೆ. 'ದ ಬಾಯ್ಸ್ ಆರ್' ಸರಿಯಾಗಿ ಬರುತ್ತದೆ, 'ದ ಕಾರ್ಸ್ ಈಸ್' ಆಗುತ್ತದೆ. ನಿಮ್ಮ ವಿದ್ಯಾರ್ಥಿಯ ನೋಟ್‌ಬುಕ್ ತೆರೆದು ನೋಡಿ.

ನಮ್ಮ ಕಡೆಯೂ ಇದರ ನೆರಳು ಇದೆ. 'ಮನೆಯಲ್ಲಿ ಹತ್ತು ಪುಸ್ತಕ ಇದೆ' ಅಂತೀವಿ. 'ಹತ್ತು ಜನ ಇದೆ' ಅನ್ನುವುದಿಲ್ಲ, 'ಇದ್ದಾರೆ' ಅಂತೀವಿ. ಮನುಷ್ಯರಿಗೆ ಒಂದು ನ್ಯಾಯ, ವಸ್ತುಗಳಿಗೆ ಇನ್ನೊಂದು.

ಕಲಿಸುವಾಗ ಎರಡು ಸಾಲಿನ ಚಿತ್ರ ಹಾಕಿ. ಮೇಲಿನ ಸಾಲಿನಲ್ಲಿ ಮಕ್ಕಳು, ಕೆಳಗಿನ ಸಾಲಿನಲ್ಲಿ ಕಾರುಗಳು. ಎರಡಕ್ಕೂ ಒಂದೇ ವಾಕ್ಯ ಹೇಳಿಸಿ: ದೀಸ್ ಬಾಯ್ಸ್ ಆರ್ ನ್ಯೂ, ದೀಸ್ ಕಾರ್ಸ್ ಆರ್ ನ್ಯೂ. ಹುಡುಗರಿಗೂ ಕಾರಿಗೂ ಇಂಗ್ಲಿಷ್ ಒಂದೇ ಕಣ್ಣು ಅಂತ ಮನಸ್ಸಿಗೆ ಹೋಗಬೇಕು. 'ದಿಸ್', 'ದೀಸ್' ನಡುವಿನ ಉದ್ದದ ವ್ಯತ್ಯಾಸವನ್ನೂ ಇಲ್ಲೇ ಎಳೆದು ಹೇಳಿಸಿ.

ಇನ್ನೊಂದು ಚಿಕ್ಕ ತಪ್ಪು ಇದರ ಹಿಂದೆಯೇ ಬರುತ್ತದೆ. ಅರಬ್ಬಿಯಲ್ಲಿ ಜನರನ್ನು ಬಣ್ಣಿಸುವ ವಿಶೇಷಣವೂ ಬಹುವಚನ ಆಗುತ್ತದೆ. ಹಾಗಾಗಿ 'ದ ಅದರ್ಸ್ ಸ್ಟೂಡೆಂಟ್ಸ್' ಬರಬಹುದು. ಇಂಗ್ಲಿಷ್ ವಿಶೇಷಣಕ್ಕೆ ಎಸ್ ಇಲ್ಲ ಅಂತ ಒಂದು ಮಾತು ಸಾಕು.

ಹೆಜ್ಜೆ 6: ರಾಶಿ ಹೆಸರು, ಬಿಡಿ ಹೆಸರು

ಇಲ್ಲಿ ನಿಧಾನಕ್ಕೆ ಹೋಗಿ. ಮೂರು ನಾಲ್ಕು ಕ್ಲಾಸು ಬೇಕು. ಎಣಿಸದ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ಸುಲಭ. ನಾನೂ ಮಾಡಿಸಿದ್ದೆ. ಪರೀಕ್ಷೆಯ ಮರುದಿನ 'ಇನ್ಫರ್ಮೇಶನ್ಸ್' ವಾಪಸ್ ಬಂದಿತ್ತು.

ಪಟ್ಟಿಗಿಂತ ಒಳ್ಳೆಯದು ಅರಬ್ಬಿಯ ಒಳಗೇ ಇದೆ. ಮಸ್ಕತ್ತಿನ ಮತ್ರಾ ಮಾರುಕಟ್ಟೆಯಲ್ಲಿ ಗುಡ್ಡೆ ಹಾಕಿದ ಸೇಬಿಗೆ ತುಫ್ಫಾಹ್ ಅಂತಾರೆ. ಅದರಲ್ಲಿ ಒಂದನ್ನು ಕೈಗೆ ತಗೊಂಡರೆ ತುಫ್ಫಾಹ. ಕೊನೆಯಲ್ಲಿ ಒಂದು ಅ ಸೇರಿತು, ರಾಶಿಯಿಂದ ಒಂದು ಬಿಡಿಯಾಯಿತು. ತಮ್ರ್ ಖರ್ಜೂರ, ತಮ್ರ ಒಂದು ಖರ್ಜೂರ. ಬಸಲ್ ಈರುಳ್ಳಿ, ಬಸಲ ಒಂದು ಈರುಳ್ಳಿ. ಸಮಕ್ ಮೀನು, ಸಮಕ ಒಂದು ಮೀನು. ಸಾಬೂನ್, ಸಾಬೂನ. ವರಕ್ ಕಾಗದ, ವರಕ ಒಂದು ಹಾಳೆ. ಶಅರ್ ತಲೆಗೂದಲು, ಶಅರ ಒಂದು ಎಳೆ. ದಜಾಜ್ ಕೋಳಿ, ದಜಾಜ ಒಂದು ಕೋಳಿ.

ರಾಶಿ ಹೆಸರು, ಬಿಡಿ ಹೆಸರು ಅನ್ನುವ ವಿಚಾರ ಅವರ ರಕ್ತದಲ್ಲೇ ಇದೆ. ಇಂಗ್ಲಿಷಿನ ಎಣಿಸದ ಪದ ಅಂದರೆ ರಾಶಿ ಹೆಸರು ಅಷ್ಟೇ. ಅದಕ್ಕೆ ಬಿಡಿ ಹೆಸರು ಮಾಡುವ ಆ ಪುಟ್ಟ ಅ ಇಲ್ಲ. ಅದರ ಬದಲು ಇಂಗ್ಲಿಷ್ ಒಂದು ಇಡೀ ಪದ ತರುತ್ತದೆ: ಎ ಪೀಸ್ ಆಫ್, ಎ ಬಾರ್ ಆಫ್, ಎ ಶೀಟ್ ಆಫ್. ಸಾಬೂನ್ ಅಂದರೆ ಸೋಪ್, ಸಾಬೂನ ಅಂದರೆ ಎ ಬಾರ್ ಆಫ್ ಸೋಪ್. ವರಕ್ ಅಂದರೆ ಪೇಪರ್, ವರಕ ಅಂದರೆ ಎ ಶೀಟ್ ಆಫ್ ಪೇಪರ್. ಬೋರ್ಡಿನ ಮೇಲೆ ಹೀಗೆ ಎರಡು ಕಂಬಸಾಲು ಮಾಡಿ ಬರೆದರೆ ಅವರ ಮುಖ ಬೆಳಗುವುದನ್ನು ನೋಡಬೇಕು.

ಕನ್ನಡಿಗರಿಗೆ ಇದು ಇನ್ನೂ ಚೆಂದ ಕಾಣುತ್ತದೆ. ಬೆಳ್ಳುಳ್ಳಿಗೆ ಎಸಳು, ಅಕ್ಕಿಗೆ ಕಾಳು, ಉಪ್ಪಿಗೆ ಹರಳು, ಬೆಲ್ಲಕ್ಕೆ ಅಚ್ಚು, ಬಾಳೆಹಣ್ಣಿಗೆ ಚಿಪ್ಪು, ಕೂದಲಿಗೆ ಎಳೆ. ಇಂಗ್ಲಿಷಿನ ಗ್ರೇನ್, ಲಂಪ್, ಕ್ಲೋವ್ ಎಲ್ಲ ಇದೇ ಕುಲದವು. ಅಂದಹಾಗೆ ನಮ್ಮ ಸಾಬೂನು ಅದೇ ಸಾಬೂನ್.

*ಮೊದಲ ಸುತ್ತು: ಹೊಂದುವ ಪದಗಳು.* ಎರಡೂ ಭಾಷೆಯಲ್ಲಿ ರಾಶಿಯಾಗಿಯೇ ಇರುವ ಪದಗಳಿಂದ ಶುರು ಮಾಡಿ. ನೀರು, ಅಕ್ಕಿ, ಹಾಲು, ಎಣ್ಣೆ, ಚಿನ್ನ, ಪೆಟ್ರೋಲ್. ಸಕ್ಕರೆ, ಹತ್ತಿ, ಕಾಫಿಯನ್ನು ಮರೆಯಬೇಡಿ. ಶುಗರ್ ಸುಕ್ಕರ್‌ನಿಂದ, ಕಾಟನ್ ಕುತ್ನ್‌ನಿಂದ, ಕಾಫಿ ಕಹ್ವದಿಂದ ಇಂಗ್ಲಿಷಿಗೆ ಹೋದವು. ಮೂರೂ ಎಣಿಸದ ಪದಗಳು. "ಇವು ನಿಮ್ಮವೇ, ಎಸ್ ಹಾಕಿ ಕೆಡಿಸಬೇಡಿ" ಅಂದರೆ ನಗುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ಸುಕ್ಕರ್ ಮತ್ತು ನಮ್ಮ ಸಕ್ಕರೆ ಎರಡೂ ಸಂಸ್ಕೃತದ ಶರ್ಕರದ ಕಡೆಗೆ ಹೋಗುತ್ತವೆ ಅಂತ ಹೇಳುವ ಆಸೆ ನನಗೆ ಯಾವಾಗಲೂ ಆಗುತ್ತದೆ. ಕ್ಲಾಸಿನಲ್ಲಿ ಹೇಳಬೇಡಿ, ಅರ್ಧ ಗಂಟೆ ಹೋಗುತ್ತದೆ.

*ಎರಡನೇ ಸುತ್ತು: ಹಣ್ಣಿನ ಉಲ್ಟಾ ಲೆಕ್ಕ.* ಇಲ್ಲಿ ಎಡವುತ್ತಾರೆ. ತುಫ್ಫಾಹ್ ರಾಶಿ ಹೆಸರು ಅಂದ ಮೇಲೆ 'ಐ ಲೈಕ್ ಆಪಲ್' ಸರಿ ಇರಬೇಕಲ್ಲ ಅಂತ ಅವರ ವಾದ. ಇಲ್ಲ. ಬಿಡಿಬಿಡಿಯಾಗಿ ಕೈಗೆ ಸಿಗುವ ಹಣ್ಣು, ತರಕಾರಿ, ಮೊಟ್ಟೆಯನ್ನು ಇಂಗ್ಲಿಷ್ ಎಣಿಸುತ್ತದೆ. ಅದರ ರಾಶಿ ಅಂದರೆ ಎಸ್ ಹಚ್ಚಿದ ಬಹುವಚನ. ತುಫ್ಫಾಹ್ ಅಂದರೆ ಆಪಲ್ಸ್, ಬೈದ್ ಅಂದರೆ ಎಗ್ಸ್, ತಮ್ರ್ ಅಂದರೆ ಡೇಟ್ಸ್. 'ಐ ಲೈಕ್ ಡೇಟ್ಸ್.' ಇಷ್ಟನ್ನು ಒಂದು ದಿನ ಪೂರ್ತಿ ಮಾಡಿಸಿ. ಅಂಗಡಿಯ ಆಟ ಆಡಿಸಿ, ಒಬ್ಬರು ಗಿರಾಕಿ, ಒಬ್ಬರು ಅಂಗಡಿಯವರು.

*ಮೂರನೇ ಸುತ್ತು: ಅರಬ್ಬಿ ಎಣಿಸುತ್ತದೆ, ಇಂಗ್ಲಿಷ್ ಎಣಿಸುವುದಿಲ್ಲ.* ಅತಿ ಹೆಚ್ಚು ತಪ್ಪು ಇಲ್ಲಿ. ಮಅಲೂಮ ಒಂದು ಮಾಹಿತಿ, ಮಅಲೂಮಾತ್ ಮಾಹಿತಿಗಳು. ನಮ್ಮ ಕಡೆ 'ಮಾಲೂಮು' ಅಂತೀವಲ್ಲ, ಅದೇ ಬೇರು. ನಸೀಹ ಒಂದು ಬುದ್ಧಿಮಾತು, ನಸಾಯಿಹ್ ಹಲವು. ವಾಜಿಬ್ ಒಂದು ಹೋಮ್‌ವರ್ಕ್, ವಾಜಿಬಾತ್ ಹಲವು. ಖಬರ್ ಒಂದು ಸುದ್ದಿ, ಅಖ್ಬಾರ್ ಸುದ್ದಿಗಳು. ಬಹ್ಥ್ ಒಂದು ಸಂಶೋಧನೆ, ಬುಹೂಥ್ ಹಲವು. ಎಲ್ಲವೂ ಅಲ್ಲಿ ಎಣಿಸುವ ಪದಗಳು. ಹಾಗಾಗಿ ಇನ್ಫರ್ಮೇಶನ್ಸ್, ಅಡ್ವೈಸಸ್, ಹೋಮ್‌ವರ್ಕ್ಸ್, ರಿಸರ್ಚಸ್ ಬರುತ್ತವೆ. ಖುಬ್ಜ಼ ಅಂದರೆ ಒಂದು ರೊಟ್ಟಿ, ಅದಕ್ಕೇ 'ಎ ಬ್ರೆಡ್'. ಫುಲೂಸ್ ಅಂದರೆ ದುಡ್ಡು, ರೂಪದಲ್ಲಿ ಅದು ಬಹುವಚನ, ಅದಕ್ಕೇ 'ಮನಿ ಆರ್'.

ಇವನ್ನು ಒಂದೇ ಸಲ ಸುರಿಯಬೇಡಿ. ವಾರಕ್ಕೆ ನಾಲ್ಕು. ಪ್ರತಿ ಪದಕ್ಕೂ ಮೂರು ವಾಕ್ಯ: ರಾಶಿಯಾಗಿ ಒಂದು, ಬಿಡಿಯಾಗಿ ಒಂದು, ಸಂಖ್ಯೆಯ ಜೊತೆ ಒಂದು. 'ಐ ನೀಡ್ ಅಡ್ವೈಸ್. ಹಿ ಗೇವ್ ಮಿ ಎ ಪೀಸ್ ಆಫ್ ಅಡ್ವೈಸ್. ಶಿ ಗೇವ್ ಮಿ ತ್ರೀ ಪೀಸಸ್ ಆಫ್ ಅಡ್ವೈಸ್.' ಎಸ್ ಎಲ್ಲಿ ಕೂತಿತು ನೋಡಿ ಅಂತ ತೋರಿಸಿ. ಅದು ಪೀಸ್ ಮೇಲೆ ಕೂತಿದೆ, ಅಡ್ವೈಸ್ ಮೇಲೆ ಅಲ್ಲ. ಎರಡೆಸಳು ಬೆಳ್ಳುಳ್ಳಿ ಅಂದಾಗ ನಾವು ಎಣಿಸುವುದು ಎಸಳನ್ನು ತಾನೇ?

ಇಲ್ಲಿಯೂ ಮೇಷ್ಟ್ರು ಕನ್ನಡಿ ನೋಡಿಕೊಳ್ಳಬೇಕು. ಫರ್ನಿಚರ್ಸ್, ಲಗೇಜಸ್, ಸ್ಟೇಷನರೀಸ್ ಅಂತ ನಮ್ಮ ಅಂಗಡಿ ಬೋರ್ಡುಗಳಲ್ಲೇ ಇದೆ.

*ನಾಲ್ಕನೇ ಸುತ್ತು: ಎರಡು ಮುಖದ ಪದಗಳು.* 'ಚಿಕನ್' ತಿನ್ನುವ ಮಾಂಸ, 'ಎ ಚಿಕನ್' ಓಡಾಡುವ ಕೋಳಿ. ದಜಾಜ್, ದಜಾಜ ಜೋಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 'ಹೇರ್' ತಲೆ ಮೇಲಿದೆ, 'ಎ ಹೇರ್' ಸೂಪಿನಲ್ಲಿ ಬಿದ್ದಿದೆ. 'ಕಾಫಿ' ಪುಡಿ ಅಥವಾ ಪೇಯ, 'ಟೂ ಕಾಫೀಸ್' ಅಂತ ಹೋಟೆಲಿನಲ್ಲಿ ಹೇಳಿದರೆ ಎರಡು ಕಪ್. 'ಎಕ್ಸ್‌ಪೀರಿಯೆನ್ಸ್' ಕೆಲಸದ ಅನುಭವ, 'ಎಕ್ಸ್‌ಪೀರಿಯೆನ್ಸಸ್' ಬದುಕಿನ ಘಟನೆಗಳು. ಇದು ಬಯೋಡೇಟಾ ಬರೆಯುವಾಗ ಬೇಕೇ ಬೇಕು.

ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನ್ನನ್ನು ಸುಸ್ತು ಮಾಡಿತ್ತು. "ಸ್ಯಾಂಡ್ ಎಣಿಸುವ ಹಾಗಿಲ್ಲ ಅಂದಿರಿ. ಹಾಗಾದರೆ ವಹೀಬಾ ಸ್ಯಾಂಡ್ಸ್ ಅಂತ ಯಾಕೆ ಬರೀತಾರೆ?" ಒಮಾನಿನ ಆ ಮರುಭೂಮಿಯ ಹೆಸರು ಅರಬ್ಬಿಯಲ್ಲಿ ರಿಮಾಲ್, ಅದೂ ಬಹುವಚನವೇ. ಉತ್ತರ ಇದು: ಹಿಡಿ ಮರಳಾದರೆ ಸ್ಯಾಂಡ್. ಕಣ್ಣು ಹಾಯಿಸಿದಷ್ಟೂ ಹರಡಿದ ಮರಳುಗಾಡಾದರೆ ಸ್ಯಾಂಡ್ಸ್. ವಾಟರ್ಸ್ ಅಂತ ಸಮುದ್ರದ ಪ್ರದೇಶಕ್ಕೆ ಹೇಳುವುದೂ ಹೀಗೇ. ಇಂಥ ಪ್ರಶ್ನೆ ಬಂದರೆ ಪಾಠ ನಾಟಿದೆ ಅಂತ ಅರ್ಥ.

ಹೆಜ್ಜೆ 7: ವಾಜಿದ್ ಒಂದೇ, ಮಚ್ ಮತ್ತು ಮೆನಿ ಎರಡು

ಗಲ್ಫಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ ವಾಜಿದ್. ಬಹಳ, ತುಂಬಾ. ಬರಹದ ಅರಬ್ಬಿಯಲ್ಲಿ ಕಥೀರ್. ನೀರಿಗೂ ಅದೇ, ಜನರಿಗೂ ಅದೇ. ಕಮ್ ಕೂಡ ಹಾಗೇ, ಎಷ್ಟು ಹಣ, ಎಷ್ಟು ಜನ ಎರಡಕ್ಕೂ. ಕನ್ನಡದ 'ತುಂಬಾ', 'ಎಷ್ಟು' ಇದೇ ತರಹ. ಹಾಗಾಗಿ 'ಮಚ್ ಪೀಪಲ್', 'ಮೆನಿ ಮನಿ' ಎರಡೂ ಕೇಳಿ ಬರುತ್ತವೆ.

ಮೊದಲ ತಿಂಗಳು 'ಎ ಲಾಟ್ ಆಫ್' ಕೊಟ್ಟು ಬಿಡಿ. ಎರಡಕ್ಕೂ ನಡೆಯುತ್ತದೆ, ವಾಜಿದ್ ಹಾಗೆ. ರಾಶಿ, ಬಿಡಿ ಗಟ್ಟಿಯಾದ ಮೇಲೆ ಮಚ್, ಮೆನಿ ತನ್ನಿ. ಲಿಟಲ್, ಫ್ಯೂ ಅದರ ನಂತರ. ನಾಲ್ಕನ್ನೂ ಒಂದೇ ದಿನ ಕಲಿಸುವ ಪುಸ್ತಕಗಳಿವೆ. ನನಗೆ ಅದು ಸರಿ ಕಾಣುವುದಿಲ್ಲ.

ಹೆಜ್ಜೆ 8: ಅಲ್ ಮತ್ತು ದ

'ದ ಲೈಫ್ ಈಸ್ ಬ್ಯೂಟಿಫುಲ್. ದ ವಾಟರ್ ಈಸ್ ಇಂಪಾರ್ಟೆಂಟ್. ಐ ಲೈಕ್ ದ ಕ್ಯಾಟ್ಸ್.' ಅರಬ್ಬಿಯಲ್ಲಿ ಒಂದು ವಿಷಯವನ್ನು ಒಟ್ಟಾರೆ ಹೇಳುವಾಗ ಅಲ್ ಬೇಕು. ಜೀವನ ಅಲ್ ಹಯಾತ್, ನೀರು ಅಲ್ ಮಾಅ್. ಇಂಗ್ಲಿಷಿನಲ್ಲಿ ಒಟ್ಟಾರೆ ಮಾತಿಗೆ ದ ಬೇಡ. ರಾಶಿ ಹೆಸರಾದರೆ ಬರಿದಾಗಿ ಬಿಡಿ, ಎಣಿಸುವ ಪದವಾದರೆ ಎಸ್ ಹಚ್ಚಿ ಬಿಡಿ. ನಾನು ಕೇಳುವ ಪ್ರಶ್ನೆ ಒಂದೇ: "ಯಾವ ನೀರು?" ಉತ್ತರ ಇದ್ದರೆ ದ ಇರಲಿ, ಈ ಬಾಟಲಿಯ ನೀರು ಅಂತ. "ಎಲ್ಲ ನೀರು" ಅಂದರೆ ದ ತೆಗೆಯಿರಿ. 'ಎ' ಬಗ್ಗೆಯೂ ಒಂದು ಮಾತು. ಎ ಅಂದರೆ ಒಂದು, ರಾಶಿ ಹೆಸರಿನ ಮುಂದೆ ಅದು ಕೂರುವುದಿಲ್ಲ. ಎ ಫರ್ನಿಚರ್, ಎ ನ್ಯೂಸ್ ಇಲ್ಲ.

ಹೆಜ್ಜೆ 9: ಚಿಲ್ಲರೆ ಪದಗಳು

ಕತ್ತರಿ ಅರಬ್ಬಿಯಲ್ಲಿ ಮಿಕಸ್, ಪ್ಯಾಂಟು ಬಂತಲೂನ್, ಕನ್ನಡಕ ನಜ಼್ಜ಼ಾರ. ಮೂರೂ ಏಕವಚನ. ಕನ್ನಡದಲ್ಲೂ ಏಕವಚನ. ಇಂಗ್ಲಿಷಿನಲ್ಲಿ ಮಾತ್ರ ಸಿಜ಼ರ್ಸ್, ಟ್ರೌಜ಼ರ್ಸ್, ಗ್ಲಾಸಸ್, ಜೊತೆಗೆ ಆರ್. ಎರಡು ಅಲಗು, ಎರಡು ಕಾಲು, ಎರಡು ಗಾಜು ಅಂತ ಕೈಯಲ್ಲಿ ತೋರಿಸಿ. ಐನ್ ಹಚ್ಚಿ ಎರಡು ಮಾಡುವವರಿಗೆ ಈ ವಿವರಣೆ ತಟ್ಟನೆ ಹಿಡಿಸುತ್ತದೆ. ಎಣಿಸುವಾಗ ಎ ಪೇರ್ ಆಫ್.

ಪೊಲೀಸ್ ಅರಬ್ಬಿಯಲ್ಲಿ ಶುರ್ತ, ಏಕವಚನದ ಸ್ತ್ರೀಲಿಂಗ. ಇಂಗ್ಲಿಷಿನಲ್ಲಿ 'ದ ಪೊಲೀಸ್ ಆರ್'. ಗಣಿತ ರಿಯಾದಿಯಾತ್, ನೋಡಲು ಬಹುವಚನ. ಮ್ಯಾಥ್ಸ್ ಕೂಡ ನೋಡಲು ಬಹುವಚನವೇ, ಆದರೆ ಈಸ್. ನ್ಯೂಸ್ ಕೂಡ ಈಸ್. ಪೀಪಲ್‌ಗೆ ಎಸ್ ಬೇಡ, ಆರ್ ಬೇಕು. ಅದನ್ನು 'ಬೀಬಲ್' ಅಂದರೆ ಬೈಯಬೇಡಿ, ಅರಬ್ಬಿಯಲ್ಲಿ ಪ ಧ್ವನಿ ಇಲ್ಲ. ಅದು ಬೇರೆ ದಿನದ ಪಾಠ.

ಹೆಜ್ಜೆ 10: ತಿದ್ದುವುದು ಹೇಗೆ

ಮಾತಿನ ನಡುವೆ ತಡೆಯಬೇಡಿ. ನಾನು ತೋರುಬೆರಳನ್ನು ಗಾಳಿಯಲ್ಲಿ ಹಾವಿನ ಹಾಗೆ ಆಡಿಸುತ್ತೇನೆ. ಎಸ್ ಬಿಟ್ಟುಹೋಯಿತು ಅಂತ ಅರ್ಥ. ಮುಷ್ಟಿ ಹಿಡಿದರೆ ರಾಶಿ ಹೆಸರು, ಎಸ್ ತೆಗೆ ಅಂತ ಅರ್ಥ. ಎರಡು ವಾರದಲ್ಲಿ ಅವರೇ ಒಬ್ಬರಿಗೊಬ್ಬರು ಮುಷ್ಟಿ ತೋರಿಸಲು ಶುರು ಮಾಡುತ್ತಾರೆ. ಒಂದು ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿ, ಉಳಿದವು ಕಣ್ಣಿಗೆ ಬಿದ್ದರೂ ಬಿಡಿ. ವೇಗವಾಗಿ ಮಾತಾಡುವಾಗ 'ಟ್ವೆಂಟಿ ಬುಕ್' ವರ್ಷಗಟ್ಟಲೆ ಉಳಿಯಬಹುದು. ಅರ್ಥ ಕೆಡುವುದಿಲ್ಲ, ನಾನು ಅದರ ಹಿಂದೆ ಬೀಳುವುದಿಲ್ಲ.

ಬರವಣಿಗೆಯಲ್ಲಿ ಮತ್ತು ಪರೀಕ್ಷೆಯಲ್ಲಿ ಹಾಗಾಗುವುದಿಲ್ಲ. ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್ ಭಾಗದಲ್ಲಿ, ಅಂದರೆ ಕೇಳಿ ಉತ್ತರ ಬರೆಯುವ ಭಾಗದಲ್ಲಿ, ಬಹುವಚನ ಬೇಕಾದ ಕಡೆ ಎಸ್ ಬಿಟ್ಟರೆ ಆ ಉತ್ತರ ತಪ್ಪು, ಅಂಕ ಹೋಯಿತು. ಅದಕ್ಕೆ ಬರೆದು ಮುಗಿಸಿದ ಮೇಲೆ ಮೂರು ಸಲ ಓದುವ ಅಭ್ಯಾಸ ಮಾಡಿಸಿ. ಮೊದಲ ಓದಿನಲ್ಲಿ ಸಂಖ್ಯೆಗಳ ಸುತ್ತ, ಮೆನಿ, ಸೆವೆರಲ್, ದೀಸ್ ತರಹದ ಪದಗಳ ಸುತ್ತ ಮಾತ್ರ ಒಂದು ವೃತ್ತ ಹಾಕಲಿ. ಪ್ರತಿ ವೃತ್ತದ ಮುಂದಿನ ಪದಕ್ಕೆ ಎಸ್ ಇದೆಯೇ ನೋಡಲಿ. ಎರಡನೇ ಓದಿನಲ್ಲಿ ಎಸ್ ಇರುವ ಪ್ರತಿ ಹೆಸರುಪದದ ಕೆಳಗೆ ಗೆರೆ ಎಳೆದು, ಇದು ರಾಶಿಯೋ ಬಿಡಿಯೋ ಅಂತ ಕೇಳಿಕೊಳ್ಳಲಿ. ಮೂರನೇ ಓದು ಈಸ್, ಆರ್ ನೋಡಲು. ಈ ಓದನ್ನು ಕೊನೆಯ ವಾಕ್ಯದಿಂದ ಹಿಂದಕ್ಕೆ ಮಾಡಬೇಕು. ಮೊದಲಿನಿಂದ ಓದಿದರೆ ಕಥೆ ಎಳೆದುಕೊಂಡು ಹೋಗುತ್ತದೆ, ಕಣ್ಣಿಗೆ ಎಸ್ ಕಾಣುವುದೇ ಇಲ್ಲ.